ಅಕ್ಕಿ ಮಿಲ್ಲಿನ ಸಿನಿಮಾ

ಅಜ್ಜಿ ಸೇಸಮ್ಮ ಮೊದಲ ಸಾಲಿನ ಕುರ್ಚಿಯಲ್ಲಿ ಕೂತು, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟದ್ದು ಕಂಡು ವಿಸ್ಮಿತಾಳಿಗೆ ಗಾಬರಿಯಾಯಿತು. ಇನ್ನು ಸಿನಿಮಾ ಮುಗಿಯುವ ತನಕ ಅಜ್ಜಿ ಏಳುವ ಮಾತೇ ಇಲ್ಲ.

ಮೂಡುಬಿದಿರೆಯ ಆ ಸಭಾಂಗಣದಲ್ಲಿ ವಿಸ್ಮಿತಾ ಮತ್ತು ಗೆಳತಿ ರಿಫಾ ಸೇರಿ ಪ್ರದರ್ಶನ ಇಟ್ಟಿದ್ದರು. ತಾವು ಬರೆದ ಒಂದೊಂದು ಚಿತ್ರಕ್ಕೂ ಅದೇ ಭಾವದ ಒಂದೊಂದು ಹಳೆಯ ಸಿನಿಮಾ ಜೋಡಿ. ಇವತ್ತಿನ ಸರದಿ ವಿಸ್ಮಿತಾಳ ದೊಡ್ಡ ಚಿತ್ರದ್ದು: ತೌಡಿನ ಧೂಳು ಹಳದಿಯಾಗಿ ತೇಲುವ ಅಕ್ಕಿ ಮಿಲ್ಲಿನ ಬಾಗಿಲಲ್ಲಿ ಹಸಿರು ಸೀರೆಯ ವಿಮಲೆ ಗಂಡನ ದಾರಿ ಕಾಯುತ್ತಿದ್ದಾಳೆ. ಅದು ಅಜ್ಜಿ ಕತೆಯಾಗಿ ಹೇಳಿದ ಸಿನಿಮಾದ ದೃಶ್ಯ, ವಿಮಲೆ ಅದರ ನಾಯಕಿ. ಪುಂಜಾಲಕಟ್ಟೆಯ ಮನೆಯ ಜಗಲಿಯಲ್ಲಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಅಜ್ಜಿ ಅದನ್ನು ಎಷ್ಟು ಸಲ ಹೇಳಿದ್ದಳೋ! ಅಳುವಲ್ಲಿ ಅತ್ತು, ನಗುವಲ್ಲಿ ನಕ್ಕು.

ರಿಫಾ ಆ ಸಿನಿಮಾ ಹುಡುಕಿ ತಂದ ಮೇಲೆಯೇ ಗೊತ್ತಾದದ್ದು, ಅದರಲ್ಲಿ ಮಿಲ್ಲೇ ಇಲ್ಲ. ಇರುವುದು ರೈಲ್ವೆ ಸ್ಟೇಷನ್. ಅಜ್ಜಿ ಸಿನಿಮಾ ನೋಡಿರಲೇ ಇಲ್ಲ. ಭಾನುವಾರದ ರೇಡಿಯೋದಲ್ಲಿ ಅದರ ಧ್ವನಿ ಮಾತ್ರ ಕೇಳಿದ್ದಳು. ರೈಲನ್ನೇ ಕಾಣದ ಅವಳಿಗೆ ಆ ಗುಕುಗುಕು ಸದ್ದು ಊರಿನ ಮಿಲ್ಲಿನದ್ದೇ ಆಗಿತ್ತು.

ಇದನ್ನು ಅಜ್ಜಿಗೆ ಹೇಳಲು ವಿಸ್ಮಿತಾಳಿಗೆ ಬಾಯಿ ಬರಲಿಲ್ಲ. ಬೀಡಿ ಕಟ್ಟಿ ಬೆನ್ನು ಬಾಗಿಸಿಕೊಂಡ ಅಷ್ಟೂ ವರ್ಷ ಅವಳು ಜೋಪಾನ ಮಾಡಿದ್ದ ಸಿನಿಮಾ ಅದು. ಈಗ ನಾನೇ ಕೈಯಾರೆ ಅದನ್ನು ಹಾಳು ಮಾಡುತ್ತಿದ್ದೇನಲ್ಲ ಎಂದು ಸಂಕಟವಾಯಿತು. ಆದರೆ ರಿಫಾಳ ಬಾಯಿಂದ ಸಿನಿಮಾ ತೋರಿಸುವ ಸುದ್ದಿಯಷ್ಟೇ ತಿಳಿದ ಅಜ್ಜಿ ಬೆಳಿಗ್ಗೆಯೇ ಹೊಸ ಸೀರೆ ಉಟ್ಟು ಬಸ್ಸಿಗೆ ಹೊರಟು ನಿಂತಿದ್ದಳು.

"ಅಜ್ಜಿ, ಒಂದು ಚಾ ಕುಡಿದು ಬರುವನಾ?"

"ಚಾ ಎಲ್ಲಿಗೂ ಓಡಿ ಹೋಗುದಿಲ್ಲ. ಕೂತ್ಕೊ ಮಾರಾಯ್ತಿ, ವಿಮಲೆ ಈಗ ಬರ್ತಾಳೆ."

ದೀಪಗಳು ಆರಿದವು, ಪರದೆಯ ಎದುರು ಗೋಡೆಗೆ ತೂಗಿದ್ದ ಮಿಲ್ಲಿನ ಚಿತ್ರದ ಮೇಲಿನದೊಂದನ್ನು ಬಿಟ್ಟು. ಪರದೆಯ ಮೇಲೆ ಕಪ್ಪು ಬಿಳುಪಿನಲ್ಲಿ ವಿಮಲೆ ಬಂದಳು.

"ಇವಳಾ? ಇಷ್ಟು ಸಪುರವಾ, ಕಡ್ಡಿಯ ಹಾಗೆ? ಸೀರೆಗೆ ಬಣ್ಣ ಕೂಡ ಇಲ್ಲ!" ಅಜ್ಜಿಯ ಮಾತಿಗೆ ಹಿಂದಿನ ಸಾಲು ಕಿಸಕ್ಕೆಂದಿತು. ಅಷ್ಟರಲ್ಲಿ ಗುಕುಗುಕು ಸದ್ದು ಶುರುವಾಯಿತು. ಹೊಗೆ ಕಾರುತ್ತ ರೈಲು ಬಂದು ನಿಂತಿತು, ಅದರ ಬಾಗಿಲಲ್ಲಿ ವಿಮಲೆಯ ಗಂಡ ಕಾಣಿಸಿದ.

"ಮಿಲ್ಲು ಎಲ್ಲುಂಟು?"

"ಮಿಲ್ಲು ಇಲ್ಲ ಅಜ್ಜಿ. ಅದು ರೈಲಿನ ಶಬ್ದ." ವಿಸ್ಮಿತಾ ಮೆಲ್ಲಗೆ ಹೇಳಿದಳು.

ಅಜ್ಜಿ ಪರದೆಯನ್ನು ನೋಡಿದಳು, ಮೊಮ್ಮಗಳ ಮುಖ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಅಯ್ಯೋ ದೇವರೇ! ಇಷ್ಟು ವರ್ಷ ವಿಮಲೆಯ ಗಂಡನ ಹತ್ರ ನಾನು ಅಕ್ಕಿ ಮೂಟೆ ಹೊರಿಸಿದ್ದಲ್ವಾ! ಇವ ನೋಡಿದ್ರೆ ಕೋಟು ಹಾಕಿದ್ದಾನೆ!" ರಿಫಾ ನಕ್ಕಳು, ಸಭೆಯೇ ನಕ್ಕಿತು, ವಿಸ್ಮಿತಾ ಕಣ್ಣೊರೆಸಿಕೊಂಡು ನಕ್ಕಳು.

"ಬೇಜಾರಾಗ್ಲಿಲ್ವಾ ಅಜ್ಜಿ?"

"ಎಂತಕ್ಕೆ? ಸ್ವರ ಎಲ್ಲ ಸರಿ ಉಂಟು. ಚಿತ್ರ ಮಾತ್ರ ಇವರಿಗೆ ಸರಿ ಬರ್ಲಿಲ್ಲ."

ಅಜ್ಜಿ ಎದ್ದಳು. ಕುರ್ಚಿಯನ್ನು ದರದರನೆ ಎಳೆದು, ಪರದೆಗೆ ಬೆನ್ನು ಹಾಕಿ, ಗೋಡೆಯ ಮೇಲಿನ ಮಿಲ್ಲಿಗೆ ಎದುರಾಗಿ ಕೂತಳು. ಹಿಂದೆ ವಿಮಲೆ ಮಾತಾಡತೊಡಗಿದಳು. ಅಜ್ಜಿಯ ಬರಿದಾದ ಮಡಿಲಲ್ಲಿ ಬೆರಳುಗಳು ಮೆಲ್ಲಗೆ ಬೀಡಿ ಕಟ್ಟುತ್ತಿದ್ದವು.