ಸೇಬನ್ನು ಹೆಚ್ಚಿ ಕೊಟ್ಟ ದಿನ

ಅಲ್ಲಾಡುತ್ತಿದೆ — ಇಳಾ ಮಾತಾಡಿದಾಗಲೆಲ್ಲ ಆ ಕೆಳಗಿನ ಮುಂದಿನ ಹಲ್ಲು ನಾಲಿಗೆಯ ಜೊತೆಗೇ ಹೊರಗೆ ಬಂದು ಒಳಗೆ ಹೋಗುತ್ತಿದೆ, ಒಂದೇ ಒಂದು ಎಳೆ ಹಿಡಿದುಕೊಂಡಿರಬೇಕು, ಅಮ್ಮಾ ಟಚ್ ಮಾಡು ಅಂತ ಬಾಯಿ ಅಗಲಿಸಿಕೊಂಡು ಬಂದಳು, ಮೀರಾ ಚಾಕು ಕೆಳಗಿಟ್ಟು ತೋರುಬೆರಳ ತುದಿ ಇಟ್ಟಳು, ಬೆಚ್ಚಗೆ, ಒದ್ದೆ, ಅಕ್ಕಿಕಾಳಿನಷ್ಟು ಗಟ್ಟಿ, ಮುಟ್ಟಿದ್ದೇ ತಡ ಪಕ್ಕಕ್ಕೆ ವಾಲಿತು, ಮೈಯೆಲ್ಲ ಜುಂ ಅಂದಿತು, ಆರು ವರ್ಷದ ಕೆಳಗೆ ಇದೇ ಬೆರಳಿಗಲ್ಲವೇ ಇದೇ ಹಲ್ಲು ಒಸಡಿನೊಳಗಿಂದ ಮೊದಲು ತಗಲಿದ್ದು, ಅವಳಪ್ಪ ಯೋಗೀಶ ಆಗ ಕಂಪನಿ ಕೆಲಸದ ಮೇಲೆ ಎಲ್ಲೋ ಹೋಗಿದ್ದ, ಫೋಟೋ ಕಳಿಸಿದರೆ ಹೆಬ್ಬೆರಳೆತ್ತಿದ ಗುರುತು ಬಂತು, ಅಷ್ಟೆ. ಇವತ್ತು ಶುಕ್ರವಾರ. ಈ ಹಲ್ಲಿಗೆ ಶುಕ್ರವಾರವೇ ಬೇಕಿತ್ತೇ, ಶುಕ್ರವಾರ ಬೆಳಿಗ್ಗೆ ಇಳಾ ಅಮ್ಮನ ಮನೆಯಿಂದ ಸ್ಕೂಲಿಗೆ ಹೋಗುತ್ತಾಳೆ, ಸಂಜೆ ಸ್ಕೂಲಿನಿಂದ ಅಪ್ಪನ ಮನೆಗೆ, ವಾರ ಬಿಟ್ಟು ವಾರ, ಎರಡು ವರ್ಷದಿಂದ ಹೀಗೆಯೇ, ಹೊರದೇಶದ ಈ ಎಸ್ಕಿಲ್‌ಸ್ಟುನಾದಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ, ಅವಳ ಕ್ಲಾಸಿನಲ್ಲೇ ಎರಡು ಮನೆಯ ಮಕ್ಕಳು ಐದಾರು ಜನ ಇದ್ದಾರೆ, ಹುಬ್ಬೇರಿಸುವವರೆಲ್ಲ ಹಾಸನದಲ್ಲಿದ್ದಾರೆ — ಒಂದು ಸೇಬು ಕಚ್ಚಿಸೇ, ಟಪ್ ಅಂತ ಬೀಳತ್ತೆ ಅಂದಿದ್ದಳು ಮೀರಾಳ ಅಮ್ಮ ನಿನ್ನೆ ಫೋನಿನಲ್ಲಿ, ಮೊದಲ್ನೇ ಹಲ್ಲು ಕಣೇ, ತಾಯಿ ಮನೇಲಿ ಬೀಳ್ಲಿ, ಸಗಣಿ ಉಂಡೇಲಿಟ್ಟು ಮಾಡಿನ ಮೇಲೆ ಎಸಿ, ಸಗಣಿ ಎಲ್ಲಿಂದ ತರಲಮ್ಮ, ಯಾಕೆ ಅಲ್ಲಿ ಹಸು ಇಲ್ವಾ, ಇವೆ, ಹಸುವಿನ ಹಿಂದೆ ಚೀಲ ಹಿಡ್ಕೊಂಡು ನಿಂತ್ರೆ ಪೊಲೀಸ್ನೋರು ಬರ್ತಾರೆ, ಆಮೇಲೆ ಇಬ್ಬರೂ ನಕ್ಕಿದ್ದು, ನಕ್ಕ ಮೇಲೂ ಸೇಬಿನ ಮಾತು ಮಾತ್ರ ತಲೆಯಲ್ಲೇ ಉಳಿದಿದ್ದು.

ಇದೋ ಸೇಬು, ಕೈಯಲ್ಲೇ ಇದೆ, ಕೆಂಪಗೆ, ಕಲ್ಲಿನಂತೆ ಗಟ್ಟಿ, ಅಮ್ಮಾ ನಂಗೆ ಹೋಲ್ ಆಪಲ್ ಬೇಕು ಅಂತ ಅವಳೇ ಕೇಳುತ್ತಿದ್ದಾಳೆ, ಕೊಟ್ಟರೆ ಏನು ತಪ್ಪು, ಮಗು ಕೇಳಿತು ಕೊಟ್ಟೆ, ಒಂದೇ ಕಚ್ಚು, ಹಲ್ಲು ಮೀರಾಳ ಅಂಗೈಯಲ್ಲಿ, ಮೊದಲ ಹೆಜ್ಜೆಯ ಹಾಗೆ, ಮೊದಲ ಮಾತಿನ ಹಾಗೆ, ಎಲ್ಲ ಮೊದಲುಗಳೂ ಅವಳವೇ ಅಲ್ಲವೇ. ಆದರೆ ಅದೇ ಕಾರಣಕ್ಕೆ ಯೋಗೀಶನ ಮುಖ ಕಣ್ಣ ಮುಂದೆ ಬರುತ್ತದೆ, ಕೊಮ್ಯೂನಿನ, ಅಂದರೆ ಇಲ್ಲಿಯ ನಗರಸಭೆಯ, ಆ ಚಿಕ್ಕ ಕೋಣೆ, ಬೇರೆಯಾಗುವ ಅಪ್ಪ ಅಮ್ಮಂದಿರನ್ನು ಕೂರಿಸಿ ಮಾತಾಡಿಸುವ ಬ್ರಿಟ್, ಅರವತ್ತು ದಾಟಿದ ಹೆಂಗಸು, ಕಾಫಿ ತುಂಬಿಸಿದ ಫ್ಲಾಸ್ಕು, ಯಾರ ಮಾತು ಯಾರಿಗೂ ಕೇಳದಷ್ಟು ಇಬ್ಬರೂ ಕೂಗಾಡಿದ ಮೇಲೆ ಯೋಗೀಶ ಮೇಜು ನೋಡುತ್ತ ಮೆಲ್ಲಗೆ ಅಂದಿದ್ದು, ನಾನು ಎಲ್ಲಾನೂ ವಿಡಿಯೋದಲ್ಲೇ ನೋಡಿದೀನಿ, ಅವಳು ನಡೆದಿದ್ದು, ಮಾತಾಡಿದ್ದು, ಎಲ್ಲಾ. ಅವನ ಮೇಲಿನ ಸಿಟ್ಟು ಪೂರ್ತಿ ಇಳಿದಿದ್ದು ಆವತ್ತಲ್ಲ, ಇಳಿಯಲು ಶುರುವಾಗಿದ್ದು ಆವತ್ತು. ಅವನು ಕೆಟ್ಟವನಲ್ಲ, ಅವಳೂ ಅಲ್ಲ, ಒಂದೇ ಸೂರಿನಡಿ ಮಾತ್ರ ಇಬ್ಬರಿಗೂ ಉಸಿರು ಕಟ್ಟುತ್ತಿತ್ತು, ಈಗ ಹತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿ ಎರಡು ಮನೆ, ಇಬ್ಬರೂ ಚೆನ್ನಾಗಿ ಉಸಿರಾಡುತ್ತಾರೆ. ಸ್ಲೈಸ್ ಮಾಡ್ತೀನಿ ಚಿನ್ನ ಅಂತ ಮೀರಾ ಹೆಚ್ಚಿದಳು, ಹಪ್ಪಳದಷ್ಟು ತೆಳ್ಳಗೆ, ಕಚ್ಚುವ ಕೆಲಸವೇ ಇಲ್ಲದ ಹಾಗೆ, ಹೆಚ್ಚುವಾಗ ಹೊಟ್ಟೆಕಿಚ್ಚಾಯಿತು, ಆಗಲಿಲ್ಲ ಅಂದರೆ ಸುಳ್ಳಾದೀತು, ಇಳಾ ಮುಖ ಊದಿಸಿಕೊಂಡು ಹಿಂದಿನ ಹಲ್ಲಲ್ಲಿ ಅಗಿದಳು.

ಹಿಮದಲ್ಲಿ ಜಾರದಿರಲೆಂದು ರಸ್ತೆಯ ಮೇಲೆ ಚಳಿಗಾಲದಲ್ಲಿ ಹಾಕಿದ ಜಲ್ಲಿ ಇನ್ನೂ ಗುಡಿಸಿಲ್ಲ, ಏಪ್ರಿಲ್ ಬಂತು, ಇಳಾ ಬೇಕೆಂದೇ ಕಾಲೆಳೆದುಕೊಂಡು ಜರಜರ ಸದ್ದು ಮಾಡುತ್ತ ನಡೆಯುತ್ತಾಳೆ, ನಾಲಿಗೆ ಮಾತ್ರ ಹಲ್ಲಿನ ಹತ್ತಿರವೇ, ಅಮ್ಮಾ ಅಜ್ಜಿ ಹೇಳಿದ್ಳಲ್ಲ, ಮನೆ ರೂಫ್ ಮೇಲೆ ಎಸೀಬೇಕಂತೆ, ಹೂಂ, ನಮ್ಮನೆ ರೂಫ್ ಮೇಲೇನಾ, ಹೂಂ ಕಣೇ, ಆಮೇಲೆ ಮತ್ತೆ ಜರಜರ, ಮೀರಾಳ ನಾಲಿಗೆಯ ತುದಿಗೆ ಬಂದು ನಿಂತಿದೆ ಆ ಪ್ರಶ್ನೆ, ನಿನ್ನ ಮನೆ ಯಾವುದು ಇಳಾ, ಯಾರ ಮನೆ ಮಾಡಿನ ಮೇಲೆ ಎಸೀತೀಯ — ಕೇಳಿಬಿಡಲೇ, ಇವತ್ತಾದರೂ ಗೊತ್ತಾಗಿಬಿಡಲಿ, ಆದರೆ ಅಲ್ಲಿಯೂ ಬ್ರಿಟ್ ಅಂದಿದ್ದು ನೆನಪಾಗುತ್ತದೆ, ಉತ್ತರ ನಿಮ್ಮಿಬ್ಬರಲ್ಲಿ ಒಬ್ಬರೇ ಆಗುವಂಥ ಪ್ರಶ್ನೆಯನ್ನು ಮಗುವಿಗೆ ಯಾವತ್ತೂ ಕೇಳಬೇಡಿ, ಇನ್ನೇನನ್ನು ಮರೆತರೂ ಇದನ್ನು ಮರೆಯಬೇಡಿ. ಶೂ ಬಿಗಿ ಆಗ್ತಿದೆಯೇನೇ, ಅಂತ ಕೇಳಿದಳು ಮೀರಾ. ಇಲ್ಲಮ್ಮಾ. ಸ್ಕೂಲಿನ ಬಾಗಿಲಲ್ಲಿ ಇಳಾ ಹಿಂತಿರುಗಿ ನಾಲಿಗೆಯಿಂದ ಹಲ್ಲನ್ನು ತಳ್ಳಿ ತೋರಿಸಿ ಒಳಗೆ ಓಡಿದಳು, ಬೆರಳ ತುದಿಗೆ ಮತ್ತೆ ಆ ವಾಲಾಟ, ಬೆಚ್ಚಗೆ, ಒದ್ದೆ.

ಮಧ್ಯಾಹ್ನವೆಲ್ಲ ಲ್ಯಾಪ್‌ಟಾಪಿನ ಮುಂದೆ, ಮೀಟಿಂಗಿನಲ್ಲಿ ಯಾರೋ ಏನೋ ಹೇಳಿದರು, ಬಿದ್ದಿರಬಹುದು, ಊಟದಲ್ಲಿ, ಆಟದಲ್ಲಿ, ಜಲ್ಲಿಯಲ್ಲಿ ಕಳೆದುಹೋದರೆ, ಅಥವಾ ಅಪ್ಪನ ಮನೆಯಲ್ಲಿ ಬೀಳಲಿ, ಬೀಳಲಿ, ತಾನೇ ಬಿಟ್ಟುಕೊಟ್ಟದ್ದಲ್ಲವೇ, ಬಿಟ್ಟುಕೊಟ್ಟ ಮೇಲೆ ಫೋನನ್ನು ಹೀಗೆ ಐದು ನಿಮಿಷಕ್ಕೊಮ್ಮೆ ಮಗುಚಿ ನೋಡುವುದು ಯಾಕೆ. ನಾಲ್ಕೂವರೆಗೆ ಯೋಗೀಶನ ಫೋನು, ಮೀರಾ, ಬಿತ್ತು, ಸ್ಕೂಲಲ್ಲೇ ಬಿತ್ತಂತೆ, ಟೀಚರ್ ಹಲ್ಲಿನ ಶೇಪಿಂದು ಒಂದು ಡಬ್ಬಿ ಕೊಟ್ಟಿದಾರೆ, ನೋಡು ಸುಳ್ಳು ಹೇಳಲ್ಲ, ಎಸೆದ್ಬಿಡೋಣ ಬಾ ಅಂತ ನಾನೇ ಕರೆದೆ, ಅಮ್ಮ ಬರೋವರ್ಗೂ ಆಗಲ್ಲ ಅಂತ ಡಬ್ಬಿ ಹಿಡ್ಕೊಂಡು ಕೂತಿದಾಳೆ, ಬರ್ತೀಯಾ. ಮೀರಾಗೆ ಚಪ್ಪಲಿ ಮೆಟ್ಟಿದ್ದೋ ಶೂ ಹಾಕಿದ್ದೋ ನೆನಪಿಲ್ಲ, ಹತ್ತು ನಿಮಿಷದ ದಾರಿ ಆರೇ ನಿಮಿಷಕ್ಕೆ ಮುಗಿದಿತ್ತು.

ಸಗಣಿಗೆ ಬದಲು ಯೋಗೀಶ ಚಪಾತಿ ಹಿಟ್ಟಿನ ಉಂಡೆ ತಂದಿದ್ದ, ಹಿಟ್ಟು ಕೈಗೆಲ್ಲ ಅಂಟಿಕೊಂಡಿತ್ತು, ಇಷ್ಟು ವರ್ಷವಾದರೂ ನೀರು ಜಾಸ್ತಿ ಹಾಕುವುದು ಬಿಟ್ಟಿಲ್ಲ, ನಾಲ್ಕನೆಯ ಮಹಡಿಯ ಮನೆಗೆ ಕೈಗೆಟುಕುವ ಮಾಡು ಎಲ್ಲಿ, ಕೆಳಗೆ ಸೈಕಲ್ ಶೆಡ್ಡಿನದೇ ಗತಿ, ಹಕ್ಕಿ ತಿಂದ್ಬಿಟ್ರೆ ಪಪ್ಪಾ, ತಿನ್ಲಿ ಬಿಡು, ಅದಕ್ಕೂ ಹಲ್ಲು ಬರ್ಲಿ, ಮೂವರೂ ನಕ್ಕರು, ಹೀಗೆ ಮೂವರೂ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತು. ಉಂಡೆಯನ್ನು ಉರುಟು ಮಾಡುತ್ತ, ಮುಖ ನೋಡದೆ, ಬೆಳಿಗ್ಗೆ ಸೇಬು ಹೆಚ್ಚಿ ಕೊಟ್ಯಂತೆ, ಕಂಪ್ಲೇಂಟ್ ಬಂತು, ಅಂದ ಯೋಗೀಶ. ಹೂಂ. ಯಾಕೆ ಅಂತ ಅವನಿಗೆ ಗೊತ್ತಾಗಿದೆ, ಗೊತ್ತಾಗಿದೆ ಅಂತ ಅವಳಿಗೂ ಗೊತ್ತಾಯಿತು, ಇಳಾ ಎಸೆದಳು, ಉಂಡೆ ಕಪ್ಪು ಮಾಡಿನ ಮೇಲೆ ಟಪ್ ಎಂದು ಕೂತಿತು, ಮೀರಾ ಚಪ್ಪಾಳೆ ತಟ್ಟಿದಳು, ಅವನ ಮನೆಯ ಮಾಡಿಗೆ, ಮನಸಾರೆ, ಒಳಗೊಂದು ಕಡೆ ಚುರ್ ಅಂದರೂ ಮನಸಾರೆಯೇ.

ಈಗ ಮನೆಯತ್ತ ನಡೆಯುತ್ತಿದ್ದಾಳೆ, ಒಬ್ಬಳೇ, ಬಿಸಿಲು ಇನ್ನೂ ಇದೆ, ಹಗುರ, ಮನೆಗೆ ಹೋಗಿ ಒಂದು ಕಾಫಿ ಮಾಡಿಕೊಳ್ಳಬೇಕು, ಅಮ್ಮನಿಗೆ ಫೋನು ಮಾಡಿದರೆ ಯಾರ ಮನೆ ಮಾಡು ಅಂತಲೇ ಕೇಳುತ್ತಾಳೆ, ಕೇಳಲಿ, ಹೇಳುತ್ತೇನೆ, ಎಡಗೈ ಜೇಬಿನಲ್ಲಿ, ಬಲಗೈ ಹೊರಗೆ, ತೋರುಬೆರಳನ್ನು ಒರೆಸಿಕೊಳ್ಳಲು ಮನಸ್ಸಿಲ್ಲ, ಹೊರಡುವಾಗ ಇಳಾ ಓಡಿ ಬಂದಿದ್ದಳಲ್ಲ, ನಿಲ್ಲಮ್ಮಾ, ಬಗ್ಗು, ಇನ್ನೊಂದು ನೆಕ್ಸ್ಟ್ ವೀಕ್ ನಿನ್ ಮನೇಲಿ, ಆಮೇಲಿಂದು ಪಪ್ಪನ್ ಮನೇಲಿ, ಒಟ್ಟು ಟ್ವೆಂಟಿ ಇದೆಯಂತೆ, ಟೀಚರ್ ಹೇಳಿದ್ರು, ಟೆನ್ ನಿಂಗೆ ಟೆನ್ ಪಪ್ಪಂಗೆ, ಎರಡೂ ನಮ್ಮನೇನೇ ಅಲ್ವಾ — ಕೇಳದ ಪ್ರಶ್ನೆಗೆ ಹೀಗೆ ಉತ್ತರ ಹೇಳಿ ಅಮ್ಮನ ಬೆರಳನ್ನು ತಾನೇ ಹಿಡಿದು ಬಾಯೊಳಗೆ ಇಟ್ಟುಕೊಂಡಳು, ಆ ಖಾಲಿ ಜಾಗ ದಾಟಿ, ಪಕ್ಕದ ಹಲ್ಲಿನ ಮೇಲೆ, ಬೆಚ್ಚಗೆ, ಒದ್ದೆ, ಗಟ್ಟಿಯಾಗಿದೆಯಲ್ಲೇ ಅನ್ನುವಷ್ಟರಲ್ಲಿ, ಬೆರಳ ತುದಿಯಲ್ಲಿ, ಒಂದು ಕೂದಲೆಳೆಯಷ್ಟು, ಅಲ್ಲಾಡಿತು.