ಡಬ್ಬಿಯ ಮೇಲಿನ ಗೆರೆಗಳು

ಬಿಳಿ ಅಮೃತಶಿಲೆಯ ಕಟ್ಟೆಯ ಮೇಲೆ ಒಂದು ಮಾತ್ರೆ ಡಬ್ಬಿ ಮಲಗಿದೆ. ಅದರಿಂದ ಗೇಣು ಎತ್ತರದಲ್ಲಿ ಒಂದು ಫೋನು. ಫೋನನ್ನು ಹಿಡಿದ ಬೆರಳುಗಳ ಉಗುರಿನಂಚಿನಲ್ಲಿ ಅಯೋಡಿನ್ನಿನ ಹಳೆಯ ಕಂದು. ಕಿಟಕಿಯಿಂದ ಓರೆಯಾಗಿ ಇಳಿದ ಚಳಿಗಾಲದ ಬೆಳಕು ಡಬ್ಬಿಯ ನುಣುಪಿನ ಮೇಲೆ ಬಿದ್ದು, ಕಪ್ಪು ಗೆರೆಗಳ ನಡುವೆ ಸಣ್ಣದೊಂದು ಬಿಳಿಯ ಕೊಳವಾಗಿ ನಿಂತಿದೆ. ಪಕ್ಕದ ಗಾಜಿನ ಲೋಟದಲ್ಲಿ ಚಹಾ ತಣ್ಣಗಾಗಿ, ಪುದೀನ ಎಲೆ ತಳ ಸೇರಿದೆ. ಎಲ್ಲವೂ ನಿಶ್ಚಲ. ಪರದೆಯ ಮೇಲಿನ ಕೆಂಪು ಗೆರೆಯೊಂದು ಮಾತ್ರ ನೀರಿಗೆ ಬಿದ್ದ ದಾರದಂತೆ ಅದುರುತ್ತಿದೆ.

ಅದುರುತ್ತಿದ್ದುದು ಗೆರೆಯಲ್ಲ, ಶುಕ್ರಿಯ ಕೈ.

ಅಲೆಕ್ಸಾಂಡ್ರಿಯಾದ ಕರ್ಮೂಜ್ ಬೀದಿಯ ಆ ಔಷಧದಂಗಡಿಯಲ್ಲಿ ದುಡಿಯುತ್ತಲೇ ಅವನ ತಲೆ ನರೆತಿತ್ತು. ಯಜಮಾನರು ತೀರಿಕೊಂಡು, ಅವನನ್ನು ಚಿಕ್ಕಪ್ಪ ಎನ್ನುತ್ತಲೇ ಬೆಳೆದ ಅವರ ಮಗಳು ಇಂಗಿ, ಔಷಧಶಾಸ್ತ್ರ ಓದಿ ಬೀದಿಗೆಲ್ಲ ಡಾಕ್ಟ್ರಮ್ಮನಾಗಿ, ಅದೇ ಕಟ್ಟೆಯ ಹಿಂದೆ ಬಿಳಿ ಕೋಟು ತೊಟ್ಟು ನಿಂತಳು. ಈಗ ಅಂಗಡಿಯನ್ನು ಕೈರೋದ ದೊಡ್ಡ ಕಂಪನಿಯೊಂದು ಕೊಂಡಿತ್ತು. ಇಂಗಿ ಅದರ ಸಂಬಳದಾಕೆ. ದಾಸ್ತಾನನ್ನೆಲ್ಲ, ಡಬ್ಬಿಗಳ ಮೇಲಿನ ಬಾರ್‌ಕೋಡ್ ಗೆರೆ ಹಿಡಿದು, ಫೋನಿನ ಕ್ಯಾಮೆರಾದಿಂದಲೇ ಓದಿಸಬೇಕು, ಹಾಗೆ ಒಂದು ಕಪಾಟನ್ನು ತಪ್ಪಿಲ್ಲದೆ ಓದಿಸಬಲ್ಲವರಷ್ಟೇ ಉಳಿಯಬಹುದು ಎಂದು ಕಂಪನಿ ಹೇಳಿತ್ತು. ಶುಕ್ರಿಯ ಪರೀಕ್ಷೆ ಇವತ್ತು.

"ಲೆನ್ಸ್ ಒರೆಸಿದ್ರಾ, ಚಿಕ್ಕಪ್ಪ?"

"ಮೂಗು ಒರೆಸೋಕೂ ಬಿಡುವಿಲ್ಲ, ಇದನ್ನ ಮಾತ್ರ ಬೆಳಗಿಂದ ಒರೆಸ್ತಾನೇ ಇದೀನಿ, ಡಾಕ್ಟ್ರಮ್ಮ."

"ಅಷ್ಟು ಹತ್ರ ಒಯ್ಯಬೇಡಿ, ಅದಕ್ಕೆ ಮಬ್ಬಾಗತ್ತೆ. ಡಬ್ಬೀನ ಸ್ವಲ್ಪ ಓರೆ ಮಾಡಿ, ಬೆಳಕು ಹೊಡೀತಿದೆ. ಮೊಣಕೈ ಕಟ್ಟೆ ಮೇಲಿಡಿ. ಉಸಿರು ಹಿಡಿದು ಒತ್ತಿ."

"ಉಸಿರು ಹಿಡಿಯೋದನ್ನ ಈ ವಯಸ್ಸಲ್ಲಿ ಅಭ್ಯಾಸ ಮಾಡಿಸ್ಬೇಡ ತಾಯಿ, ಹಾಗೇ ನಿಂತುಬಿಟ್ಟರೆ?"

ಇಂಗಿ ನಗಲಿಲ್ಲ. ನಗುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ.

ಶುಕ್ರಿ ಮೊಣಕೈ ಊರಿದ, ಡಬ್ಬಿಯನ್ನು ಓರೆ ಮಾಡಿದ. ಬಿಳಿಯ ಕೊಳ ಜಾರಿ ಅಂಚು ದಾಟಿತು, ಗೆರೆಗಳು ಒಂದೊಂದಾಗಿ ಕಪ್ಪಗೆ ಎದ್ದು ನಿಂತವು. ಫೋನು ಕುಂಯ್ ಎಂದಿತು. ಹಸಿರು ಗುರುತು ಬಿತ್ತು. ಮತ್ತೊಂದು ಡಬ್ಬಿ. ಮುದುಡಿದ ರಟ್ಟನ್ನು ಹೆಬ್ಬೆರಳಿನಿಂದ ತೀಡಿ ಸಮ ಮಾಡಿದ, ಕುಂಯ್. ದುಂಡನೆಯ ಶೀಸೆಯನ್ನು ಗೆರೆಗಳು ಬಾಗದಂತೆ ತಿರುಗಿಸಿ ಹಿಡಿದ, ಕುಂಯ್. ಒಂದು ಕಾಲದಲ್ಲಿ ಕತ್ತಲಲ್ಲೂ ಬೆರಳ ತುದಿಯಿಂದಲೇ ಔಷಧ ಗುರುತಿಸುತ್ತಿದ್ದವನು, ಈಗ ಪ್ರತಿ ಡಬ್ಬಿಗೂ ಈ ಪುಟ್ಟ ಗಾಜುಗಣ್ಣಿನ ಒಪ್ಪಿಗೆಗಾಗಿ ಕಾಯುತ್ತಿದ್ದ. ಬೇಸರವೂ ದಣಿದ ಮೇಲೆ ಒಂದು ಬಗೆಯ ಶಾಂತಿಯಾಗುತ್ತದೆ. ಮಧ್ಯಾಹ್ನದ ನಮಾಜಿನ ಕರೆ ಮುಗಿಯುವ ವೇಳೆಗೆ ಕಪಾಟು ಖಾಲಿಯಾಗಿ ಮತ್ತೆ ತುಂಬಿತ್ತು.

ಇಂಗಿ ಪರದೆ ನೋಡಿದಳು. "ಒಂದೂ ತಪ್ಪಿಲ್ಲ! ಇಲ್ಲೇ ಇರ್ತೀರಿ ಚಿಕ್ಕಪ್ಪ. ಈಗಲೇ ಕಂಪನಿಗೆ ಬರೆದು ಕಳಿಸ್ತೀನಿ."

ಅಷ್ಟರಲ್ಲಿ ಎದುರು ಮನೆಯ ಇನ್ಶಿರಾಹ್ ತಲೆವಸ್ತ್ರ ಸರಿಪಡಿಸಿಕೊಳ್ಳುತ್ತ ಒಳಗೆ ಬಂದಳು.

"ಏನ್ ಶುಕ್ರಿ, ಮದುವೆ ಫೋಟೋ ತೆಗೀತಿದ್ಯಾ ಡಬ್ಬಿಗಳಿಗೆ?"

"ಹೂಂ. ನೀನು ಬರೋಕೆ ತಡ ಮಾಡ್ದೆ, ವಧು ಜಾಗ ಹೋಯ್ತು."

"ಹೋಗೋ ಮುದುಕಾ! ಡಾಕ್ಟ್ರಮ್ಮ, ನನ್ನ ಥೈರಾಯ್ಡ್ ಮಾತ್ರೆ ಒಂದು ಸ್ಟ್ರಿಪ್ ಕೊಡು. ಐವತ್ತರದು. ಹೃದಯ ಮೆತ್ತಗಿದೆ, ಜಾಸ್ತಿ ಕೊಡಬಾರದು ಅಂದಿದಾರೆ ದೊಡ್ಡ ಡಾಕ್ಟ್ರು."

ಆ ಬೀದಿಯಲ್ಲಿ ಇಡೀ ಡಬ್ಬಿ ಕೊಳ್ಳುವವರು ಕಡಿಮೆ. ಒಂದೊಂದೇ ಸ್ಟ್ರಿಪ್ ಬಿಡಿಸಿ ಮಾರುವುದು ಅಲ್ಲಿನ ರೂಢಿ. ಇಂಗಿ ಆಗಷ್ಟೇ ಹಸಿರು ಗುರುತು ಬಿದ್ದ ಡಬ್ಬಿಯನ್ನು ತೆರೆದು, ಒಂಟಿಯಾಗಿ ಉಳಿದಿದ್ದ ಸ್ಟ್ರಿಪ್ಪನ್ನು ಕಾಗದದ ಚೀಲಕ್ಕೆ ಹಾಕಿದಳು.

ಸ್ಟ್ರಿಪ್ಪಿನ ಬೆಳ್ಳಿಯ ಬೆನ್ನಿನಂಚಿನ ಬಣ್ಣದ ಪಟ್ಟಿ ಕ್ಷಣ ಮಾತ್ರ ಶುಕ್ರಿಯ ಕಣ್ಣಿಗೆ ಬಿತ್ತು. ಅದು ಐವತ್ತು ಮೈಕ್ರೋಗ್ರಾಂನದಲ್ಲ, ಅದರ ಇಮ್ಮಡಿ, ನೂರರದು. ಜಾಗ ಸಾಲದಾದಾಗ, ಬಿಡಿಸಿ ಮಾರಿ ಉಳಿದ ಒಂಟಿ ಸ್ಟ್ರಿಪ್ಪುಗಳನ್ನು ಅದೇ ಹೆಸರಿನ ಇನ್ನೊಂದು ಡಬ್ಬಿಗೆ ಸೇರಿಸಿ, ಖಾಲಿ ರಟ್ಟನ್ನು ಎಸೆಯುವುದು ಅವನ ಪದ್ಧತಿ. ಯಾವುದು ಎಲ್ಲಿದೆ ಎಂಬುದು ನೆನಪಿನಲ್ಲಿರುತ್ತಿತ್ತು. ಫೋನು ಓದಿದ್ದು ರಟ್ಟನ್ನು. ರಟ್ಟು ಸುಳ್ಳು ಹೇಳಿರಲಿಲ್ಲ.

ಪರೀಕ್ಷೆ ಗೆದ್ದಾಗಿತ್ತು. ಸುಮ್ಮನಿದ್ದರೆ ನಾಳೆಯೂ ಈ ಕಟ್ಟೆ, ಈ ಕಿಟಕಿ. ಇನ್ಶಿರಾಹ್ ಚೀಲಕ್ಕೆ ಕೈ ಚಾಚಿದಳು.

"ಕೊಡಬೇಡ," ಎಂದ ಶುಕ್ರಿ.

"ಯಾಕೆ?"

"ಒಳಗಿರೋದು ನೂರರದು. ಅವಳ ಎದೆ ಕುದುರೆ ಥರ ಓಡತ್ತೆ."

ಇಂಗಿ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದಳು. ಆಮೇಲೆ ಹೊಸ ಡಬ್ಬಿ ಒಡೆದು, ಒಳಗಿನ ಅಂಕಿಯನ್ನು ಎರಡೆರಡು ಸಲ ಓದಿ, ಇನ್ಶಿರಾಹಳ ಕೈಗಿತ್ತಳು.

"ಕೊಂದೇಬಿಡ್ತಿದ್ರಲ್ಲೋ ಇಬ್ಬರೂ ಸೇರಿ!" ಎಂದು ಇನ್ಶಿರಾಹ್ ಶುಕ್ರಿಯ ತೋಳು ಹಿಂಡಿ, ಬೆಲೆ ಕೊಟ್ಟು, ಗೊಣಗುತ್ತ ಮನೆಗೆ ಹೋದಳು.

"ಇನ್ನೂ ಎಷ್ಟು ಡಬ್ಬಿ ಹೀಗಿವೆ, ಚಿಕ್ಕಪ್ಪ?"

ಶುಕ್ರಿ ಕಪಾಟನ್ನು ನೋಡಿದ. ನೆನಪಿಗೆ ಕೈ ಹಾಕಿದ. ಅಲ್ಲಿ ಬರೀ ಮಬ್ಬು, ತೀರಾ ಹತ್ತಿರ ಒಯ್ದ ಚಿತ್ರದ ಹಾಗೆ.

"ಗೊತ್ತಿಲ್ಲ, ಮಗಳೇ. ಮುಂಚೆ ಗೊತ್ತಿರ್ತಿತ್ತು."

ಇಬ್ಬರೂ ತೆರೆದ ಡಬ್ಬಿಗಳನ್ನೆಲ್ಲ ಕಟ್ಟೆಗೆ ಸುರಿದರು. ಬೆಳ್ಳಿಯ ಹಾಳೆಗಳನ್ನು ಒಂದೊಂದಾಗಿ ಓದಿ ಅವುಗಳ ಸ್ವಂತ ಮನೆಗೆ ಸೇರಿಸಿದರು. ದಿಕ್ಕು ತಪ್ಪಿದವು ಇನ್ನೂ ಕೆಲವಿದ್ದವು. ಕೊನೆಯದನ್ನು ಒಳಗಿಟ್ಟ ಮೇಲೆ ಇಂಗಿ ಫೋನು ಎತ್ತಿಕೊಂಡಳು. ಅವಳ ಹೆಬ್ಬೆರಳು ಪರದೆಯ ಮೇಲೆ ನಿಂತೇ ಇತ್ತು.

"ಕಂಪನಿಗೆ ಏನ್ ಬರೀಲಿ?"

"ಇದ್ದದ್ದು ಬರಿ."

"ಬಾಯಿ ಬಿಡದೇ ಇದ್ದಿದ್ರೆ ಉಳೀತಿದ್ರಿ."

"ಆಮೇಲೆ ಪ್ರತಿ ಡಬ್ಬಿ ಕೊಡುವಾಗಲೂ ಹೆದರ್ತಾ ನಿಲ್ಲೋದಾ? ಸಾಕು. ಕೈ ಒಂದು ನಡುಗ್ತಾ ಇತ್ತು, ಅದನ್ನ ಹೇಗೋ ಸಂಭಾಳಿಸ್ದೆ. ತಲೆಗೆ ಯಾವ ಕಟ್ಟೆ ಮೇಲೆ ಮೊಣಕೈ ಊರಲಿ?"

ಅವಳು ಇದ್ದದ್ದನ್ನೇ ಬರೆದು ಕಳಿಸಿದಳು. ಶುಕ್ರಿ ಅಂಗಡಿಯ ಕೋಟು ಕಳಚಿ, ಜೇಬಿನಲ್ಲಿದ್ದ ಕತ್ತರಿ ತೆಗೆದು ಕಟ್ಟೆಯ ಮೇಲಿಟ್ಟ. ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡ. ಕಡಲ ಕಡೆಯಿಂದ ಗಾಳಿ ಎದ್ದಿತ್ತು.

"ಬೆಳಿಗ್ಗೆ ಚಹಾಕ್ಕಾದ್ರೂ ಬರ್ತೀರಲ್ಲ?"

"ಚಹಾನ ಸ್ಕ್ಯಾನ್ ಮಾಡು ಅನ್ನದಿದ್ರೆ ಬರ್ತೀನಿ."

ಅವನು ಹೊರಗೆ ಕಾಲಿಟ್ಟ. ಗಾಳಿಯ ಒತ್ತಡಕ್ಕೆ ಗಾಜಿನ ಬಾಗಿಲು ಅವನ ಬೆನ್ನ ಹಿಂದೆ ತಾನಾಗಿಯೇ ಮುಚ್ಚಿಕೊಂಡಿತು.