ಕೇಳಿ ತಂದ ಕತ್ತರಿ

ಅತ್ತೆ ಹಾಲಿನ ಪ್ಯಾಕೆಟ್ಟನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಗೇಣಿಗಿಂತ ಉದ್ದದ ಒಂದು ಕತ್ತರಿಯಿಂದ ಅದರ ಮೂಲೆ ಕತ್ತರಿಸುತ್ತಿದ್ದರು. ಕತ್ತರಿ ಭಾರವಾಗಿತ್ತು. ಮೂಲೆಯ ಜೊತೆಗೆ ಅರ್ಧ ಅಂಚೂ ಹೋಗಿ ಹಾಲು ಕಟ್ಟೆಯ ಮೇಲೆಲ್ಲ ಚೆಲ್ಲಿತು.

"ಇದೆಲ್ಲಿತ್ತು ಅತ್ತೆ?" ಸೊಸೆ ಕೇಳಿದಳು.

"ಅವನ ಟ್ರಂಕಿನಲ್ಲಿ. ಮೇಲೇ ಇತ್ತು." ಅತ್ತೆ ಒರಸುವ ಬಟ್ಟೆ ಹುಡುಕಿದರು. "ನನ್ನ ಮಗಂದು. ಇನ್ಮೇಲೆ ಅಡುಗೆಮನೇಲೇ ಇರ್ಲಿ."

ಅವನ ಸಂಸ್ಕಾರ ಮುಗಿದು ಹಿಂದಿನ ದಿನವಷ್ಟೇ ಜನ ಚದುರಿದ್ದರು. ಬೀದಿಯಲ್ಲಿ ಬಾಡಿಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗಾಡಿಗೆ ಏರಿಸುತ್ತಿದ್ದರು. ಎದುರು ಮನೆಯವರು ಎಂದಿನಂತೆ ರೇಡಿಯೊ ಹಾಕಿ, ನೆನಪಾಗಿ, ಚಟ್ಟನೆ ಆರಿಸಿದರು.

ಅವಳು ಕತ್ತರಿಯನ್ನು ತೊಳೆದಳು. ಹೆಬ್ಬೆರಳು ತೂರಿಸುವ ಕಡೆ ನೀಲಿ ಬಟ್ಟೆ ಸುತ್ತಿ ಹೊಲಿದಿತ್ತು. ಒಂದೇ ಬೆರಳು ವರ್ಷಗಟ್ಟಲೆ ಒತ್ತಿ ಬಟ್ಟೆ ಕುಳಿಬಿದ್ದಿತ್ತು. ಅವಳು ತನ್ನ ಹೆಬ್ಬೆರಳಿಟ್ಟು ನೋಡಿದಳು. ಅದಕ್ಕೇ ಬಿಗಿಯಾಯಿತು. ಅವನದು ಅಲ್ಲಿ ಹಿಡಿಸುವ ಬೆರಳೇ ಅಲ್ಲ.

ಶವಪೆಟ್ಟಿಗೆಯ ಜೊತೆ ಸೈನ್ಯದ ಕ್ಯಾಂಪಿನಿಂದ ಬಂದಿದ್ದ ಅವನ ಗೆಳೆಯ ಜಗಲಿಯಲ್ಲಿ ಕೂತು ಬೂಟಿನ ಲಾಡಿ ಕಟ್ಟುತ್ತಿದ್ದ. ಅವನಿಗೆ ಅಲ್ಲಿ ಮೂಗ ಎಂದು ಹೆಸರು. ನಿದ್ದೆಯಲ್ಲೂ ಬಾಯಿ ಮುಚ್ಚುವವನಲ್ಲವೆಂದು ಇಟ್ಟದ್ದು. ಇಲ್ಲಿಗೆ ಬಂದ ಮೇಲೆ ಹೆಸರಿಗೆ ತಕ್ಕಂತೆ ಇದ್ದ.

"ಇದು ಯಾರದು?"

ಮೂಗ ಹಣೆ ಚಚ್ಚಿಕೊಂಡ. "ಅಯ್ಯೋ, ಇದೂ ಬಂದುಬಿಡ್ತಾ! ನಮ್ಮಲ್ಲಿ ಒಂದು ಪದ್ಧತಿ ಅತ್ತಿಗೆ. ಯಾರಾದ್ರೂ ಹೋದ್ರೆ ಅವನ ಮಂಚದ ಮೇಲೆ, ಕೆಳಗೆ ಏನಿದ್ರೂ ಟ್ರಂಕಿಗೆ ಹಾಕಿ ಮೊಹರು. ಒಂದು ಕಡ್ಡೀನೂ ಈಚೆ ತೆಗೆಯೋ ಹಾಗಿಲ್ಲ. ತೆಗೆದ್ರೆ ಸತ್ತವನ ಮನೆ ಕದ್ದ ಹಾಗೆ. ಇದು ನಮ್ಮ ಕಾವಲು ಚೌಕಿ ಎದುರಿನ ಹೊಲಿಗೆಯವಳದ್ದು. ಕಿಟಕಿಗೆ ಕಂಬಳಿ ಪರದೆ ಮಾಡ್ತೀನಿ ಅಂತ ತಂದಿದ್ದ."

"ಕೇಳಿ ತಂದಿದ್ರಾ?"

"ಕೇಳಿದೆ ಅಂದ."

"ಹೇಗೆ ಕೇಳಿದ್ರು?"

"ಹೇಗೆ ಅಂದ್ರೆ... ಬಾಯಲ್ಲೇ ಕೇಳಿರ್ತಾನೆ ಅತ್ತಿಗೆ."

ಅವಳು ನಗಲಿಲ್ಲ. ಮೂಗ ಲಾಡಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದ.

"ಸುಳ್ಳು ಯಾಕೆ ಹೇಳ್ಲಿ. ಅಂಗೈಗಿಂತ ಉದ್ದದ ಹರಿತದ್ದು ಏನು ಕಂಡ್ರೂ ಚೌಕೀಲಿ ಕಿತ್ತಿಡಬೇಕು. ಅದು ಆರ್ಡರು. ಚೂರಿ, ಕುಡುಗೋಲು, ಕತ್ತರಿ, ಮೂಲೇಲಿ ರಾಶಿ ಬಿದ್ದಿರುತ್ತೆ. ಇದು ಆ ರಾಶಿಯಿಂದ ಬಂದಿದ್ದಲ್ಲ ಅಂತ ನಾನು ಅಂದ್ಕೊಂಡಿದೀನಿ."

*

ಹಿಂದಿನ ದಿನ, ಸಂಸ್ಕಾರದ ಹೊತ್ತಿಗೆ, ಮೈಕಿನಲ್ಲಿ ಒಬ್ಬರು ಅವನನ್ನು ಹುಲಿ ಎಂದಿದ್ದರು.

ಅವಳ ಬೆನ್ನ ಹಿಂದೆ ನಿಂತಿದ್ದ ಸೈಕಲ್ ಶಾಪಿನವನು, ಅವನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ಪಕ್ಕದವನಿಗೆ ಮೆಲ್ಲಗೆ ಹೇಳಿದ: "ಹುಲಿಯಂತೆ. ಜಿರಲೆ ಕಂಡ್ರೆ ಮಂಚ ಹತ್ತುತಿದ್ದ ಬಡ್ಡೀಮಗ."

"ಮತ್ತೆ ಸೈನ್ಯಕ್ಕೆ ಹೆಂಗೆ ತಗೊಂಡ್ರು?"

"ಓಡ್ತಿದ್ದನಲ್ಲ. ಓಡು ಅಂದ್ರು, ಓಡಿದ. ಕೆಲಸ ಕೊಟ್ರು. ಎಲ್ಲಿಗೆ ಅಂತ ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ." ಅವನು ಮೂಗು ಒರೆಸಿಕೊಂಡ.

ಅವಳಿಗೆ ನಗು ಬಂತು. ತಲೆ ತಗ್ಗಿಸಿದಳು. ಅಳುತ್ತಿದ್ದಾಳೆಂದು ಯಾರೋ ಬೆನ್ನು ಸವರಿದರು.

ಅವಳ ಗಂಡ ನೀರಿನ ಲಾರಿಗೆ ಕಾವಲು ಹೋದಾಗ ರಸ್ತೆಯಲ್ಲಿ ಹೂತಿದ್ದ ಬಾಂಬು ಸಿಡಿದಿತ್ತು. ಹೂತವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಗುಂಪಿನಲ್ಲಿ ಒಬ್ಬ ಗೊತ್ತಿದ್ದವನ ಹಾಗೆ ಕೂಗಿದ: "ಆ ಊರಿನವರನ್ನ ಒಬ್ಬರನ್ನೂ ಬಿಡಬಾರದು! ಉಪ್ಪು ತಿಂದು ಬೆನ್ನಿಗೆ ಚೂರಿ ಹಾಕೋ ಜನ!"

ಪಕ್ಕದ ಮನೆಯ ಚಿಕ್ಕಮ್ಮ ಅವನತ್ತ ತಿರುಗಿದರು. "ಊರು ಆಮೇಲೆ ಸುಡೀವಂತೆ. ಮೊದಲು ಆ ಹುಡುಗಿಗೆ ಒಂದು ಲೋಟ ನೀರು ಕೊಡಪ್ಪ. ಬೆಳಗಿಂದ ನಿಂತಿದಾಳೆ."

ಅವನು ನೀರು ತಂದ. ಅವಳು ಕುಡಿದು ಲೋಟ ವಾಪಸು ಕೊಟ್ಟಳು.

*

ಕೊನೆಯ ರಜೆಯಲ್ಲಿ ಅವನು ಮಹಡಿಯ ಮೇಲೆ ಒದ್ದೆ ಬಟ್ಟೆ ಹಿಂಡಿ ಕೊಡುತ್ತಿದ್ದ. ಅವಳು ಹರವುತ್ತಿದ್ದಳು.

"ಅಲ್ಲಿನ ಜನ ನಿಮ್ಮನ್ನ ಏನಂತ ತಿಳ್ಕೊಂಡಿದಾರೆ?"

"ಯೂನಿವರ್ಸಿಟಿ ಪ್ರಶ್ನೆ ಬಂತು ನೋಡು." ನಕ್ಕ. "ಏನೂ ಇಲ್ಲ ಕಣೆ. ಅವರಿಗೆ ನಾನೊಂದು ಬೂಟು. ಬೂಟಿನ ಮೇಲೆ ಮನುಷ್ಯ ಇದಾನಾ ಅಂತ ಯಾರೂ ತಲೆ ಎತ್ತಿ ನೋಡಲ್ಲ."

ಒಂದು ಅಂಗಿ ಹಿಂಡಿ ಕೊಟ್ಟ. ಆಮೇಲೆ ತಾನಾಗಿಯೇ ಹೇಳಿದ:

"ಚೌಕಿ ಎದುರಿಗೆ ಒಬ್ಬಳು ಹೊಲಿಗೆಯವಳಿದಾಳೆ. ನಾನು ಹೊರಗೆ ಕಾಲಿಟ್ರೆ ಅವಳ ಮೆಷಿನ್ ನಿಲ್ಲುತ್ತೆ. ಎತ್ತ ಹೋಗ್ತೀನಿ ಅಂತ ಕಿವಿ ಕೊಡ್ತಾಳೆ. ನಾನು ದಾಟಿದ ಮೇಲೆ ಮತ್ತೆ ಶುರು."

"ಪಾಪ."

"ಪಾಪ ಯಾರು? ಅವಳು ಒಂದು ದಿನ ಅಂಗಡಿ ತೆಗೀದಿದ್ರೆ ನನಗೆ ಬೆವರು. ಯಾಕೆ ತೆಗೀಲಿಲ್ಲ, ಅವಳಿಗೇನು ಗೊತ್ತಾಗಿದೆ ಅಂತ. ನನ್ನ ಕಂಡ್ರೆ ಅವಳಿಗೆ ಭಯ, ಅವಳು ಕಾಣದಿದ್ರೆ ನನಗೆ ಭಯ."

ಬೆಡ್‌ಶೀಟಿನ ಒಂದು ತುದಿ ಅವಳಿಗೆ ಕೊಟ್ಟು ಇನ್ನೊಂದು ತುದಿ ತಿರುಚತೊಡಗಿದ.

"ಅವಳ ಅಂಗಡಿ ಜಾಲಾಡಿದ್ದೂ ನಾವೇ. ಕಪಾಟಿನ ಬಟ್ಟೆ ಎಲ್ಲಾ ನಾನೇ ನೆಲಕ್ಕೆ ಎಳೆದೆ. ಏನೂ ಸಿಗಲಿಲ್ಲ. ಗಿರಾಕಿಗಳ ಬಟ್ಟೆ, ಅಷ್ಟೆ. ಅದರ ಮೇಲೆಲ್ಲಾ ನಮ್ಮ ಬೂಟಿನ ಗುರುತು."

"ತಪ್ಪಾಯ್ತು ಅಂದ್ರಾ?"

"ಬಂದೂಕು ಹಿಡ್ಕೊಂಡು ಹೆಂಗೆ ಅನ್ನೋದು? ಅಂದ್ರೂ ಗದರಿಸಿದ ಹಾಗೇ ಕೇಳುತ್ತೆ." ನೀರೆಲ್ಲ ಹೋದರೂ ಅವನು ತಿರುಚುತ್ತಲೇ ಇದ್ದ. "ಈ ಸಲ ಹೋದಾಗ ಒಂದ್ಸಲ ಮಾತಾಡಿಸಬೇಕು. ಮನುಷ್ಯರ ಹಾಗೆ."

*

"ವಾಪಸ್ ಕೊಡ್ತೀಯಾ? ಅವರಿಗಾ?" ಅತ್ತೆ ಕತ್ತರಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. "ನನ್ನ ಮಗನನ್ನ ವಾಪಸ್ ಕೊಟ್ರಾ ಅವರು?"

"ಅವಳು ಬಟ್ಟೆ ಹೊಲಿಯೋಳು ಅತ್ತೆ."

"ಯಾರಿಗೆ ಗೊತ್ತು?"

ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಾಗಬೇಕಿದ್ದದ್ದು ಇನ್ನೊಂದು. ಮೊಹರು ಹಾಕಿದ ಶವಪೆಟ್ಟಿಗೆಯನ್ನು ಯಾರೂ ತೆರೆಯಲು ಬಿಟ್ಟಿರಲಿಲ್ಲ. ಅವನ ಮುಖವನ್ನೂ ಅವಳು ನೋಡಿರಲಿಲ್ಲ. ಮೈಕಿನವರು ಹೇಳಿದ ಹುಲಿ ಅವಳಿಗೆ ಪರಿಚಯದವನಲ್ಲ. ಎದುರು ಅಂಗಡಿಗೆ ಹೋಗಿ ಕತ್ತರಿ ಕೇಳಿದವನೋ, ಕಿತ್ತುಕೊಂಡವನೋ, ತಾನು ಕಳೆದುಕೊಂಡದ್ದು ಯಾರನ್ನೆಂದಾದರೂ ತಿಳಿಯಬೇಕಿತ್ತು.

ಮೂಗನ ರಜೆ ಮುಗಿಯುವ ದಿನ ಅವಳು ಚೀಲ ತುಂಬಿಕೊಂಡಳು. ಹೊರಡುವ ಹೊತ್ತಿಗೆ ಅತ್ತೆ ಕತ್ತರಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ತಂದರು.

"ಒಬ್ಬರ ಮನೆ ಸೂಜಿ ಮುಟ್ಟೋದನ್ನೂ ನಾನು ಅವನಿಗೆ ಕಲಿಸಿಲ್ಲ. ಕೇಳಿ ತಂದಿದ್ದು ಅಂದ್ರೆ ಬಂದು ಹೇಳು. ಕಿತ್ಕೊಂಡಿದ್ದು ಅಂದ್ರೆ..." ಟವೆಲ್ಲಿನ ತುದಿಯನ್ನು ಒಳಗೆ ಸಿಕ್ಕಿಸಿದರು. "ಆಗ್ಲೂ ಕೊಟ್ಟು ಬಾ. ನನಗೆ ಮಾತ್ರ ಹೇಳಬೇಡ."

*

ಒಂದು ರಾತ್ರಿ ರೈಲು, ಅರ್ಧ ದಿನ ಬಸ್ಸು. ಬಸ್ಸಿಳಿದ ಮೇಲೆ ಮೂಗ ಅವಳಿಗಿಂತ ಹತ್ತು ಹೆಜ್ಜೆ ಹಿಂದೆ ನಡೆದ.

"ನನ್ನ ಜೊತೆ ಕಂಡ್ರೆ ನಿಮ್ಮ ಹತ್ರ ಮಾತಾಡಲ್ಲ ಅತ್ತಿಗೆ. ನಾನು ಈ ಕಡೆ ನಿಂತಿರ್ತೀನಿ."

ಅಂಗಡಿ ಒಂದು ಮಂಚದಷ್ಟು ಅಗಲ. ಹೊಲಿಗೆಯವಳಿಗೆ ಅತ್ತೆಯ ವಯಸ್ಸು. ರಸ್ತೆಯಾಚೆ ಮೂಗನನ್ನು ಕಂಡದ್ದೇ ಮೆಷಿನ್ ನಿಂತಿತು. ಅವಳು ಟವೆಲ್ಲು ಬಿಚ್ಚಿ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

ಹೊಲಿಗೆಯವಳು ಮುಟ್ಟಲಿಲ್ಲ. ಸೈನಿಕರ ಬಟ್ಟೆ ಹೊಲಿದು ಹೊಲಿದು ಕಲಿತ ಅವರ ಮಾತಿನಲ್ಲಿ ಕೇಳಿದಳು: "ಯಾರು ನೀವು?"

"ಇದನ್ನ ತಗೊಂಡು ಹೋದವರ ಹೆಂಡತಿ."

"ಎತ್ತರದವನು. ಕಿವಿ ದೊಡ್ಡದು."

"ಹೌದು." ಹುಲಿ ಅಲ್ಲ, ಅವನೇ.

"ನೀರಿನ ಲಾರಿ ದಿನ?"

"ಹೌದು."

ಹೊಲಿಗೆಯವಳು ಚೌಕಿಯ ಕಡೆ ನೋಡಿದಳು. ಪಾಪ ಅನ್ನಲಿಲ್ಲ.

"ಅವರು ಕೇಳಿ ತಗೊಂಡ್ರಾ?"

"ಕೇಳಿದ. ನಗ್ತಾ ಕೇಳಿದ. ಅಮ್ಮ ಅಂದ."

"ನೀವು ಕೊಟ್ರಿ."

"ಬಂದೂಕು ಹೆಗಲ ಮೇಲಿತ್ತು." ಹೊಲಿಗೆಯವಳು ತನ್ನ ಹೆಗಲನ್ನು ತಟ್ಟಿ ತೋರಿಸಿದಳು. "ಆಗ ಇಲ್ಲ ಅನ್ನೋದು ಹೇಗೆ, ನೀವೇ ಹೇಳಿ. ಕೊಟ್ಟೆ. ಹೋಯ್ತು ಅಂದ್ಕೊಂಡೆ."

"ವಾಪಸ್ ಕೊಡ್ತೀನಿ ಅಂದಿದ್ರಾ?"

"ಅಂದ. ಎಲ್ಲರೂ ಅಂತಾರೆ." ಮೇಜಿನ ಮೇಲಿದ್ದ ಅರ್ಧ ಬ್ಲೇಡನ್ನು ಪಕ್ಕಕ್ಕೆ ಸರಿಸಿದಳು. ಇಷ್ಟು ದಿನ ಅದರಲ್ಲೇ ಬಟ್ಟೆ ಕುಯ್ದಿದ್ದಳು. ತೋರುಬೆರಳಿನ ತುಂಬ ಸಣ್ಣ ಗೀರುಗಳು. "ಆದ್ರೆ ಅವನು ಎರಡು ಸಲ ಅಂದ. ಬಾಗಿಲ ತನಕ ಹೋಗಿ, ತಿರುಗಿ ಬಂದು, ಇನ್ನೊಂದು ಸಲ."

ಆಮೇಲೆ ಕತ್ತರಿಯನ್ನು ಎತ್ತಿಕೊಂಡಳು. ಹೆಬ್ಬೆರಳು ಕುಳಿಯಲ್ಲಿ ಹೋಗಿ ಕೂತಿತು. ಬಾಯಿ ತೆರೆದು ಮುಚ್ಚಿ ಕಿವಿಯ ಹತ್ತಿರ ಹಿಡಿದು ಕೇಳಿದಳು. ಕಂಬಳಿ ಕತ್ತರಿಸಿ ಹರಿತ ಕೆಟ್ಟಿದೆ ಎಂಬಂತೆ ಮೂತಿ ಸೊಟ್ಟ ಮಾಡಿದಳು.

ಚೀಲದ ಪಟ್ಟಿ ದಾರಿಯುದ್ದ ಉಜ್ಜಿ ಅವಳ ಅಂಗಿಯ ಕೊರಳಪಟ್ಟಿಯ ಹೊಲಿಗೆ ಬಿಚ್ಚಿಕೊಂಡಿತ್ತು. ದಾರವೊಂದು ಕತ್ತಿನ ಮೇಲೆ ಜೋಲುತ್ತಿತ್ತು. ಹೊಲಿಗೆಯವಳು ಅದನ್ನು ನೋಡಿ ಎದ್ದು ಬಂದಳು.

"ಅಲ್ಲಾಡಬೇಡಿ."

ತೆರೆದ ಕತ್ತರಿ ಕತ್ತಿನ ಹತ್ತಿರ ಬಂತು. ರಸ್ತೆಯಾಚೆ ಮೂಗ ಚೀಲ ಕೆಳಗೆ ಬಿಸಾಡಿ ಓಡಿಬರತೊಡಗಿದ್ದು ಅವಳಿಗೆ ಕಂಡಿತು. ಅವಳು ಅವನಿಗೆ ಬರಬೇಡವೆಂದು ಒಂದು ಕೈ ಎತ್ತಿದಳು. ಆಮೇಲೆ ಕತ್ತರಿಗೆ ಸರಿಯಾಗಲೆಂದು ಗದ್ದ ಮೇಲೆತ್ತಿ, ಕಣ್ಣು ಮುಚ್ಚಿ ನಿಂತಳು.